ಬೇರೆ ಹೆಸರಿಲ್ಲ

ಹಸುವಿನದು ಸಗಣಿ, ಕುದುರೆಯದು ಲದ್ದಿ,
ಆಡು ಕುರಿಯದು ಹಿಕ್ಕೆ.
ಆನೆಗೂ ಲದ್ದಿಯೇ, ಅಳತೆ ಮಾತ್ರ ಬುಟ್ಟಿಯಲ್ಲಿ.
ಸಿಂಗಳೀಕದ್ದಕ್ಕೆ ಕನ್ನಡ ಬೇರೆ ಹೆಸರಿಟ್ಟಿಲ್ಲ.
ನಮ್ಮದಕ್ಕೆ ಏನನ್ನುತ್ತೇವೋ ಅದೇ.
ಡಬ್ಬಿಯ ಚೀಟಿಯ ಮೇಲೆ ಮಾತ್ರ ನಾನು
ಸಭ್ಯಳಾಗಿ 'ಮಾದರಿ' ಎಂದು ಬರೆಯುತ್ತೇನೆ.

ಮಂಗಳವಾರ ಮೃಗಾಲಯಕ್ಕೆ ರಜೆ.
ಇಟ್ಟಿಗೆಗೂಡಿನ ಕಡೆ ಕಡಲೆಕಾಯಿ ಗಾಡಿಗಳಿಲ್ಲ.
ಕಾರಂಜಿ ಕೆರೆಯ ನೀರುಕಾಗೆಗಳ ಜಗಳ
ಇಲ್ಲಿಗೂ ಕೇಳುವಷ್ಟು ಮೌನ.
ಆರಕ್ಕೇ ಬಂದು ಕೂತಿದ್ದಾನೆ ಸಿದ್ದಪ್ಪಾಜಿ
ಬೋನಿನೆದುರು, ಕೈಯಲ್ಲಿ ಐಸ್‌ಕ್ರೀಮ್ ಕಡ್ಡಿ,
ಯಾರದು ಯಾವಾಗ ಬೀಳುತ್ತದೋ ಎಂದು.
ನಿನ್ನೆ ದ್ಯಾವಿಗೆ ಬೀಟ್‌ರೂಟು, ಅವಳ ತಂಗಿಗೆ ಜೋಳದ ಕಾಳು.
ಇವತ್ತು ಕೆಂಪಗಿದ್ದದ್ದು ಯಾರದೆಂದು
ಕೇಳಬೇಕಿಲ್ಲ.

ಉಪ್ಪು ಕುಡಿದು ಕುಡಿದು ಇನ್ನು ಸಾಕು ಎಂದ ನೀರು.
ಅದರಲ್ಲಿ ಕಡಲೆಕಾಳಿನಷ್ಟು ಕಲಸಿ
ಟೀ ಜರಡಿಯಲ್ಲಿ ಸೋಸುತ್ತೇನೆ.
(ಜರಡಿಯ ಹಿಡಿಗೆ ಕೆಂಪು ದಾರ ಕಟ್ಟಿದೆ.
ಹೊಸ ಗುಮಾಸ್ತ ಒಮ್ಮೆ ಅದರಲ್ಲಿ ಟೀ ಸೋಸಹೊರಟಿದ್ದ.
ಆಮೇಲೆ ಒಂದು ತಿಂಗಳು ಹೊರಗೇ ಕುಡಿದ.)
ನಳಿಕೆಯ ಬಾಯಿ ತುಂಬಿಸಿ, ತೆಳುಗಾಜು ಮುಚ್ಚಿ
ಹದಿನೈದು ನಿಮಿಷ.
ಭಾರದ್ದು ತಳಕ್ಕೆ, ಹಗುರಾದದ್ದು ಮೇಲಕ್ಕೆ.
ಹುಳುವಿನ ಮೊಟ್ಟೆ ಹಗುರ.

ಕಣ್ಣಿಟ್ಟರೆ ಮೊದಲು ಬೀಟ್‌ರೂಟಿನ ನಾರು,
ಅತ್ತಿಹಣ್ಣಿನ ಬೀಜದ ಸಿಪ್ಪೆ, ಗಾಳಿಯ ಗುಳ್ಳೆ
(ಹೊಸಬರೆಲ್ಲ ಮೊಟ್ಟೆ ಎಂದು ಕೂಗುವುದು ಇದನ್ನೇ),
ಆಮೇಲೆ ಅದು.
ಜೇನುಬಣ್ಣದ ಪುಟ್ಟ ಪೀಪಾಯಿ,
ಎರಡು ತುದಿಗೂ ಬಿರಡೆ.
ಇಷ್ಟು ಚೆಂದದ್ದನ್ನು ಮಾಡಿ
ಇಂಥ ಕಡೆ ಇಟ್ಟವರಾರು?
ಚಾಟಿಹುಳು. ನಲವತ್ತೊಂದಕ್ಕೆ ಎಣಿಕೆ ನಿಲ್ಲಿಸಿದೆ.
"ಇದ್ಕಾ ಮೇಡಮ್, ತಿಂದಿದ್ದು ಇವ್ಳ್ ಮೈಗೆ ಹತ್ತದೇ ಇದ್ದಿದ್ದು?"
ನೋಡು ಎಂದು ಜಾಗ ಬಿಟ್ಟೆ. ಒಂದೇ ಕಣ್ಣು ಮುಚ್ಚಲು ಬಾರದೆ
ಸಿದ್ದಪ್ಪಾಜಿ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ನೋಡಿದ.
ತುಂಬಾ ಹೊತ್ತು.

ಡಾಕ್ಟರ್ ಬೊಳ್ಳಮ್ಮ ತೂಕಕ್ಕೆ ತಕ್ಕ ಪುಡಿ ಬರೆದರು.
ಮೊದಲು ರಸಬಾಳೆಯೊಳಗೆ. ದ್ಯಾವಿ ಸುಲಿದಳು, ಸೀಳಿದಳು,
ಪುಡಿಯಿದ್ದ ಭಾಗವನ್ನು ಗಾರೆ ಮೆತ್ತುವವಳಂತೆ
ಸರಳಿಗೆ ಒರೆಸಿ, ಉಳಿದದ್ದು ತಿಂದಳು.
ಬೆಲ್ಲದ ರಾಗಿ ಉಂಡೆಯನ್ನು ದೊಡ್ಡ ಗಂಡು ಕಸಿದ,
ಅವನ ಡಬ್ಬಿಯಲ್ಲಿ ಒಂದೂ ಮೊಟ್ಟೆ ಇರಲಿಲ್ಲ.
ಕೊನೆಗೆ ಸಿದ್ದಪ್ಪಾಜಿ ಮನೆಯಿಂದ ಹುಣಸೆ ತೊಕ್ಕು ತಂದ.
ಬರಿಯ ಉಂಡೆಯೊಂದನ್ನು ಅವಳೆದುರೇ ಬಾಯಿಗಿಟ್ಟು ಚಪ್ಪರಿಸಿ
ಇನ್ನೊಂದನ್ನು ಮುಷ್ಟಿಯಲ್ಲಿ ಬಚ್ಚಿಟ್ಟ, ಕೊಡೆನೆಂಬಂತೆ.
ಸರಳಿನಾಚೆಯಿಂದ ಕಪ್ಪು ಕೈಯೊಂದು ಬಂದು
ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು.

ಡಾಕ್ಟರು ಆ ಕೈ ನೋಡಿದರು, ಈ ಕೈ ನೋಡಿದರು.
"ಸಿದ್ದಪ್ಪಾಜಿ, ನಿಮ್ಮದೂ ಒಂದು ಡಬ್ಬಿ ಬೇಕು."

ನಾಚಿ ಎರಡು ದಿನ ತರಲಿಲ್ಲ. ಮೂರನೆಯ ದಿನ
ಡಬ್ಬಿ ಪೇಪರಿನಲ್ಲಿ, ಪೇಪರು ಬಟ್ಟೆಯಲ್ಲಿ,
ಬಟ್ಟೆ ಸೈಕಲ್ಲಿನ ಹಿಂದೆ, ಬುತ್ತಿಯಿಂದ ದೂರ.
ಉಪ್ಪುನೀರು. ಕೆಂಪು ದಾರದ ಜರಡಿ.
ಎರಡೇ ಪೀಪಾಯಿ. ಅದೇ ಜೇನುಬಣ್ಣ, ಅದೇ ಬಿರಡೆ.
ಯಾರಿಂದ ಯಾರಿಗೆ ಎಂದು ಮಸೂರ ಹೇಳುವುದಿಲ್ಲ.
ಹೇಳಿದ್ದರೂ ನಾನು ಬರೆಯುತ್ತಿರಲಿಲ್ಲ.
ಮಾತ್ರೆ ಕೊಟ್ಟರೆ ಮೂಗಿಗೆ ಹಿಡಿದ,
ಉಗುರಿನಿಂದ ಮುರಿದು ಒಳಗೇನಿದೆ ನೋಡಿದ.
"ತೊಕ್ಕು ಮಿಕ್ಕಿದ್ದಾ ಮೇಡಮ್?"

ಬೋನಿನ ಮಣ್ಣು ಗೇಣುದ್ದ ತೆಗೆಸಿದ್ದೇವೆ.
ಮೊಟ್ಟೆಗೆ ಅವಸರವಿಲ್ಲ, ವರ್ಷಗಟ್ಟಲೆ ಕಾಯಬಲ್ಲದು.
ಮಂಡ್ಯದ ಕಡೆಯಿಂದ ಬಂದ ಹೊಸ ಮಣ್ಣನ್ನು
ದ್ಯಾವಿ ಮೂಸಿ ಸೀನಿದಳು.
ಇಪ್ಪತ್ತೊಂದನೆಯ ದಿನ ಅವಳದು ಮೂರು. ಸೊನ್ನೆಯಲ್ಲ.
ಇನ್ನೊಂದು ಸುತ್ತು.

ರಿಜಿಸ್ಟರಿನಲ್ಲಿ ದ್ಯಾವಿಯ ಕೆಳಗಿನ ಸಾಲಿಗೆ ಬಂದಾಗ
'ಪ್ರಾಣಿಯ ಜಾತಿ' ಎಂಬ ಕಾಲಮ್ಮಿನಲ್ಲಿ
ನನ್ನ ಪೆನ್ನು ನಿಂತಿತು.
ಅವನೇ ಬಗ್ಗಿ ನೋಡಿದ.
"ಸದರಿ ಅಂತ ಹಾಕ್‌ಬುಡಿ, ಮೇಡಮ್."